ಪ್ರೈಮರ್ ಹಚ್ಚುವ ಮೊದಲು ಒಮ್ಮೆ ವೆಲ್ಡಿಂಗ್ ನೋಡಿ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಮನೆಗೆ ಹಾಕಿಸಿದ ಗೇಟು ಎರಡನೇ ಮಳೆಗಾಲಕ್ಕೇ ಹಿಂಜ್ ಸಮೇತ ಕಿತ್ತು ಬಂತಂತೆ. ವೆಲ್ಡಿಂಗ್ ಅಂಗಡಿಯವರೆಲ್ಲ ಒಂದೇ, ದುಡ್ಡು ಎಣಿಸಿಕೊಂಡ ಮೇಲೆ ತಿರುಗಿಯೂ ನೋಡುವುದಿಲ್ಲ ಅಂತ ಅವರ ದೂರು. ನಾನೂ ಹರಿಹರದಲ್ಲಿ ಫ್ಯಾಬ್ರಿಕೇಶನ್ ಅಂಗಡಿ ಇಟ್ಟುಕೊಂಡವನು. ಓದಿ ಸಿಟ್ಟು ಬಂತು. ಇನ್ನೊಂದು ಸಲ ಓದಿದಾಗ ಅವರ ಮಾತು ಅರ್ಧ ನಿಜ ಅನ್ನಿಸಿತು. ಉಳಿದರ್ಧಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಕತ್ತರಿ ಹಾಕುವುದಾದರೆ ನನ್ನ ಬೈಗುಳಕ್ಕೆ ಹಾಕಿ, ಅಳತೆಗಳಿಗೆ ಬೇಡ.

ಗೇಟು, ಗ್ರಿಲ್, ತಗಡಿನ ಶೆಡ್ಡು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಎಲ್ಲವೂ ನಮ್ಮಲ್ಲಿ ಕೆಜಿ ಲೆಕ್ಕ. ಗಿರಾಕಿ ಅಂಗಡಿಗೆ ಕಾಲಿಟ್ಟ ಕೂಡಲೇ ಕೇಳುವುದೇ "ಕೆಜಿಗೆ ಎಷ್ಟಣ್ಣಾ?" ಅಂತ. ಮಾಲು, ಕೂಲಿ, ಬಣ್ಣ, ಫಿಟ್ಟಿಂಗ್ ಎಲ್ಲ ಸೇರಿ ಒಂದೇ ರೇಟು. ಈಗ ಯೋಚನೆ ಮಾಡಿ. ನೂರೈವತ್ತು ಕೆಜಿಯ ಗೇಟಿನಲ್ಲಿ ವೆಲ್ಡಿಂಗ್ ಕಡ್ಡಿಯಿಂದ ಕರಗಿ ಸೇರಿದ ಲೋಹ ಎಷ್ಟಿದ್ದೀತು? ಒಂದೋ ಒಂದೂವರೆಯೋ ಕೆಜಿ. ಮಿಕ್ಕಿದ್ದೆಲ್ಲ ಪೈಪು, ಪಟ್ಟಿ, ಶೀಟು. ಇಡೀ ಗೇಟನ್ನು ಹಿಡಿದು ನಿಲ್ಲಿಸಿರುವ ಸಾಮಾನಿಗೆ ತಕ್ಕಡಿಯಲ್ಲಿ ಲೆಕ್ಕವೇ ಇಲ್ಲ. ಅದಕ್ಕೆ ಹೋಗುವುದು ಹೊತ್ತು, ಕರೆಂಟು, ಕಡ್ಡಿ.

ಗಿರಾಕಿ ಚೌಕಾಸಿ ಮಾಡಿ ಕೆಜಿಗೆ ಐದು ರೂಪಾಯಿ ಇಳಿಸಿದರು ಅನ್ನಿ. ಅಂಗಡಿಯವನು ಎಲ್ಲಿ ಉಳಿಸಬೇಕು? ಪೈಪು ತೆಳ್ಳಗೆ ಮಾಡಿದರೆ ತೂಕ ಇಳಿದು ಅವನ ಬಿಲ್ಲೇ ಕಡಿಮೆ ಆಗುತ್ತದೆ. ವೆಲ್ಡಿಂಗ್ ಕಡಿಮೆ ಮಾಡಿದರೆ ಬಿಲ್ಲು ಹಾಗೇ ಇರುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಸುತ್ತಲೂ ಎಳೆಯಬೇಕಾದ ಕಡೆ ಮೂಲೆಗೊಂದು ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡಿಂಗ್) ಹೊಡೆದು, ಗ್ರೈಂಡಿಂಗ್ ಮಾಡಿ, ಸಂದಿಗೆ ಪುಟ್ಟಿ ತುಂಬಿ, ಮೇಲೆ ರೆಡ್ ಆಕ್ಸೈಡ್ ಪ್ರೈಮರ್ ಬಳಿದರೆ ಮುಗೀತು. ಪಂಚಾಯಿತಿ, ಶಾಲೆ ಕೆಲಸದ್ದೂ ಇದೇ ಕಥೆ. ಅಲ್ಲೂ ಕಬ್ಬಿಣದ ಕೆಲಸಕ್ಕೆ ಬಿಲ್ಲಾಗುವುದು ಬಹುಪಾಲು ತೂಕದ ಮೇಲೆಯೇ. ಎಂಜಿನಿಯರ್ ಸಾಹೇಬರು ಜೀಪಿನಿಂದ ಇಳಿಯುವ ಹೊತ್ತಿಗೆ ಬಣ್ಣ ಒಣಗಿ ಫಳಫಳ ಅನ್ನುತ್ತಿರುತ್ತದೆ.

ನಮ್ಮ ಕಡೆಯ ಒಂದು ಶಾಲೆಯಲ್ಲಿ ತಳ್ಳುವ ಗೇಟು ಹಳಿ ಬಿಟ್ಟು ಬಿತ್ತು. ಪುಣ್ಯಕ್ಕೆ ಅವತ್ತು ಭಾನುವಾರ. ರಿಪೇರಿಗೆ ನನ್ನನ್ನು ಕರೆಸಿದರು. ಗೇಟು ಪೂರ್ತಿ ಸರಿದಾಗ ತಡೆಯಬೇಕಾದ ಸ್ಟಾಪರ್ ಅಲ್ಲೇ ಹುಲ್ಲಿನಲ್ಲಿ ಬಿದ್ದಿತ್ತು. ಬೆರಳುದ್ದದ ಆಂಗಲ್ ತುಂಡು. ಅದನ್ನು ಹಳಿಗೆ ಹಿಡಿದಿದ್ದು ಎರಡೇ ಎರಡು ಟ್ಯಾಕ್. ಕಿತ್ತು ಬಂದ ಜಾಗಕ್ಕೆ ವೈರ್ ಬ್ರಶ್ ಹಾಕಿ ನೋಡಿದೆ. ಒಂದು ಟ್ಯಾಕ್ ಕೂತಿದ್ದ ಜಾಗದಲ್ಲಿ ಹಳಿಯ ಕಪ್ಪು ಮಿಲ್ ಸ್ಕೇಲ್ (ಕಾರ್ಖಾನೆಯಲ್ಲಿ ಕಬ್ಬಿಣ ಕಾಸಿದಾಗ ಮೂಡುವ ಪದರ) ಹಾಗೇ ಇತ್ತು. ಕರಗಿದ ಗುರುತೇ ಇಲ್ಲ. ಇನ್ನೊಂದರ ಅಡಿಯಲ್ಲಿ ರೆಡ್ ಆಕ್ಸೈಡ್ ಒಳಗೆ ಇಳಿದು ಒಣಗಿತ್ತು. ಅಂದರೆ ಬಣ್ಣ ಹಚ್ಚಿದ ದಿನವೇ ಅದು ಬಿಟ್ಟುಕೊಂಡಿತ್ತು. ಅಲ್ಲಿಂದ ಮುಂದೆ ಅಷ್ಟು ಭಾರದ ಗೇಟನ್ನು ತಡೆದಿದ್ದು ಒಂದು ಚುಕ್ಕೆ ವೆಲ್ಡಿಂಗು. ಮಕ್ಕಳು ದಿನಾ ಅದನ್ನು ತಳ್ಳಿ ಆಡುತ್ತಿದ್ದರು.

ಬಿರುಕಿನೊಳಗೆ ಬಣ್ಣ ಸಿಗುವುದು ನಮ್ಮ ಊರಿನ ಗೇಟಿಗೆ ಮಾತ್ರ ಆಗಿದ್ದಲ್ಲ. ಅಂಗಡಿ ಹಾಕುವ ಮೊದಲು ನಾನು ಪೀಣ್ಯದಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ಹೊಸಬರಿಗೆಲ್ಲ ನಾರ್ವೆಯ ಒಂದು ದುರಂತದ ಕಥೆ ಹೇಳುತ್ತಿದ್ದರು. 1980ರ ಮಾರ್ಚ್ 27. ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಎಲ್. ಕೀಲ್ಯಾಂಡ್ ಅನ್ನುವ ತೇಲುವ ಪ್ಲಾಟ್‌ಫಾರ್ಮ್ ಇತ್ತು. ತೈಲ ಬಾವಿಯ ಕೆಲಸಗಾರರು ಉಳಿದುಕೊಳ್ಳುತ್ತಿದ್ದ ಜಾಗ. ಬಿರುಗಾಳಿಯ ಸಂಜೆ ಅದರ ಐದು ಕಾಲುಗಳಲ್ಲಿ ಒಂದು ಕಳಚಿಕೊಂಡಿತು. ಅರ್ಧ ಗಂಟೆಯೊಳಗೆ ಇಡೀ ಪ್ಲಾಟ್‌ಫಾರ್ಮ್ ಮಗುಚಿತು. ಇದ್ದ 212 ಜನರಲ್ಲಿ 123 ಮಂದಿ ಸತ್ತರು.

ತನಿಖೆ ಹೋಗಿ ನಿಂತಿದ್ದು ಒಂದು ಸಣ್ಣ ವೆಲ್ಡಿಂಗ್ ಹತ್ತಿರ. ಕಾಲನ್ನು ಹಿಡಿದಿದ್ದ ದಪ್ಪ ಅಡ್ಡಪೈಪಿಗೆ ಹೈಡ್ರೋಫೋನ್ ಕೂರಿಸಲು ಒಂದು ಹೋಲ್ಡರ್ ಹಾಕಿದ್ದರು. ನೀರಿನೊಳಗಿನ ಶಬ್ದ ಹಿಡಿಯುವ ಉಪಕರಣ ಅದು. ಹೋಲ್ಡರಿನ ಸುತ್ತ 6 ಮಿ.ಮೀ. ಫಿಲೆಟ್ ವೆಲ್ಡ್, ಅಂದರೆ ಮೂಲೆ ತುಂಬುವ ವೆಲ್ಡ್. ಭಾರ ಹೊರುವ ವೆಲ್ಡ್ ಅಲ್ಲವಲ್ಲ, ಹಾಗಾಗಿ ಅದಕ್ಕೆ ತಲೆ ಕೆಡಿಸಿಕೊಂಡವರಿಲ್ಲ. ಬಿರುಕು ಶುರುವಾಗಿದ್ದು ಅಲ್ಲಿ. ಅಲೆ ಬಡಿದಂತೆಲ್ಲ ಬೆಳೆದು ಪೈಪನ್ನೇ ಸುತ್ತು ಹಾಕಿತು. ಆ ವೆಲ್ಡಿನ ಬಿರುಕಿನೊಳಗೆ ಬಣ್ಣದ ಗುರುತು ಸಿಕ್ಕಿತು. ಕಟ್ಟುವಾಗಲೇ ಬಿರುಕಿತ್ತು, ಅದರ ಮೇಲೆಯೇ ಬಣ್ಣ ಹಚ್ಚಿದ್ದರು.

ಹಾಗಾದರೆ ಬಣ್ಣಕ್ಕೆ ಮೊದಲು ಏನು ನೋಡಬೇಕು? ಎಂಜಿನಿಯರ್ ಆಗಬೇಕಿಲ್ಲ. ಎಸ್ಸೆಸ್ಸೆಲ್ಸಿ ಗಣಿತ ಬಂದರೆ ಧಾರಾಳ.

ಮನೆ, ಶೆಡ್ಡಿನ ಕೆಲಸದಲ್ಲಿ ಜಾಸ್ತಿ ಬರುವುದು ಫಿಲೆಟ್. ಎರಡು ತುಂಡು ಎಲ್ ಥರ ಅಥವಾ ಟಿ ಥರ ಕೂಡಿದಾಗ ಮೂಲೆಯಲ್ಲಿ ತುಂಬುವ ತ್ರಿಕೋನ. ಆ ತ್ರಿಕೋನ ಒಂದೊಂದು ತುಂಡಿನ ಮೇಲೆ ಎಷ್ಟು ದೂರ ಹತ್ತಿದೆಯೋ ಅದು ಲೆಗ್. ಒಳಮೂಲೆ ರೂಟ್. ವೆಲ್ಡ್ ಮುಗಿದು ಕಬ್ಬಿಣ ಶುರುವಾಗುವ ಅಂಚು ಟೋ. ರೂಟಿನಿಂದ ಹೊರಮೈವರೆಗಿನ ಅತಿ ಹತ್ತಿರದ ದಾರಿ ಥ್ರೋಟ್. ನಿಜವಾದ ಬಲ ಇರುವುದು ಥ್ರೋಟಿನಲ್ಲಿ. ಎರಡೂ ಲೆಗ್ ಸಮ ಇದ್ದರೆ ಥ್ರೋಟ್ ಅಂದರೆ ಲೆಗ್‌ನ 0.7 ಪಾಲು. 6 ಮಿ.ಮೀ. ಲೆಗ್‌ಗೆ 4.2 ಮಿ.ಮೀ. ಒಂದು ಕಡೆ 8, ಇನ್ನೊಂದು ಕಡೆ 3 ಹತ್ತಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದ್ದು 3ನ್ನೇ.

ಎರಡು ತುಂಡು ಒಂದೇ ಸಾಲಿನಲ್ಲಿ ಮುಖಾಮುಖಿ ಕೂಡಿದರೆ ಅದು ಬಟ್ ಜಾಯಿಂಟ್. ದಪ್ಪ ಪ್ಲೇಟಾದರೆ ಅಂಚನ್ನು ವಿ ಆಕಾರಕ್ಕೆ ಇಳಿಜಾರು ಹೊಡೆದು, ನಡುವೆ ಸ್ವಲ್ಪ ಗ್ಯಾಪ್ ಬಿಟ್ಟು, ಬುಡದಿಂದ ತುಂಬಿಕೊಂಡು ಬರಬೇಕು. ಗ್ಯಾಪೇ ಇಲ್ಲದೆ ಅಂಟಿಸಿ ಮೇಲೊಂದು ಗೆರೆ ಎಳೆದರೆ ಒಳಗೆ ಪೆನೆಟ್ರೇಶನ್, ಅಂದರೆ ಬುಡದವರೆಗೆ ಕರಗಿ ಇಳಿಯುವುದು, ಇರುವುದಿಲ್ಲ. ಹಿಂದಿನಿಂದ ನೋಡಿದರೆ ಜಾಯಿಂಟಿನ ಸಂದಿ ಹಾಗೇ ಕಾಣುತ್ತದೆ.

ಇನ್ನು ಬಲದ ಮಾತು. ಸರಿಯಾಗಿ ಕೂತ ವೆಲ್ಡ್ ಎಷ್ಟು ಹೊರುತ್ತದೆ ಅಂತ ಗೊತ್ತಾದರೆ ನಿಮಗೆ ಆಶ್ಚರ್ಯ ಆಗಬಹುದು. ನಮ್ಮ ದೇಶದ ಸ್ಟೀಲ್ ಕೋಡ್ ಐಎಸ್ 800ರ ಲೆಕ್ಕ ಹಿಡಿದು, ಮಾಮೂಲಿ ಎಂ.ಎಸ್. (ಮೈಲ್ಡ್ ಸ್ಟೀಲ್) ಕಬ್ಬಿಣಕ್ಕೆ ಗುಣಿಸಿ ನೋಡಿ. 6 ಮಿ.ಮೀ. ಫಿಲೆಟ್, ಬರೀ ಒಂದು ಸೆಂಟಿಮೀಟರ್ ಉದ್ದ. ವರ್ಕ್‌ಶಾಪಿನಲ್ಲಿ ಮಾಡಿದ್ದಾದರೆ ಸುಮಾರು 800 ಕೆಜಿ ಹೊರಬಹುದು ಅಂತ ಡಿಸೈನ್ ಮಾಡಬಹುದು. ಅದೇ ವೆಲ್ಡನ್ನು ಸೈಟಿನಲ್ಲಿ, ಏಣಿ ಮೇಲೆ ನಿಂತು ಮಾಡಿದರೆ ಕೋಡ್ ಒಪ್ಪುವುದು ಸುಮಾರು 670 ಕೆಜಿ ಮಾತ್ರ. ಸೈಟಿನ ಕೈಯನ್ನು ಕೋಡೇ ಅಷ್ಟಾಗಿ ನಂಬುವುದಿಲ್ಲ. ಶಾಪ್ ವೆಲ್ಡಿಗೆ ಸುರಕ್ಷತಾ ಗುಣಕ 1.25, ಸೈಟ್ ವೆಲ್ಡಿಗೆ 1.5. ಅದಕ್ಕೇ ಆದಷ್ಟು ಕೆಲಸ ಅಂಗಡಿಯಲ್ಲೇ ಮುಗಿಸಿ ತರಲು ಹೇಳಿ. ಗಾಳಿ, ಬಿಸಿಲು, ಉದ್ದ ಕೇಬಲ್, ಕೆಳಗೆ ನಿಂತು "ಬೇಗ ಬೇಗ" ಅನ್ನುವ ಮನೆ ಯಜಮಾನ, ಯಾವುದೂ ವೆಲ್ಡಿಗೆ ಒಳ್ಳೆಯದಲ್ಲ.

ದಪ್ಪ ಇದ್ದಷ್ಟೂ ಗಟ್ಟಿ ಅನ್ನುವವರಿಗೂ ಒಂದು ಲೆಕ್ಕ. ಲೆಗ್ ಎರಡರಷ್ಟು ಮಾಡಿದರೆ ಬಲ ಎರಡರಷ್ಟಾಗುತ್ತದೆ. ಆದರೆ ತುಂಬಬೇಕಾದ ಲೋಹ ನಾಲ್ಕರಷ್ಟಾಗುತ್ತದೆ. ಶಾಖವೂ ಜಾಸ್ತಿ, ಪೈಪು ಸೊಟ್ಟಗಾಗುವುದೂ ಜಾಸ್ತಿ. ಲೆಗ್ ದಪ್ಪ ಮಾಡುವ ಬದಲು ಉದ್ದ ಎಳೆಸುವುದು ಜಾಣತನ. 10 ಮಿ.ಮೀ. ದಪ್ಪದವರೆಗಿನ ಕಬ್ಬಿಣಕ್ಕೆ ಕೋಡ್ ಕೇಳುವ ಕನಿಷ್ಠ ಸೈಜ್, ಅಂದರೆ ಲೆಗ್, 3 ಮಿ.ಮೀ. ಚೌಕ ಅಂಚಿನ ಮೇಲೆ ಎಳೆಯುವಾಗ ಗರಿಷ್ಠ, ದಪ್ಪಕ್ಕಿಂತ 1.5 ಮಿ.ಮೀ. ಕಡಿಮೆ. 5 ಮಿ.ಮೀ. ಪಟ್ಟಿಯ ಅಂಚಿಗಾದರೆ ಮೂರೂವರೆ. ಯಾರೂ ಮಣಗಟ್ಟಲೆ ಕೇಳುತ್ತಿಲ್ಲ, ಅಲ್ವಾ?

ಟ್ಯಾಕ್ ಎಂಬುದು ಕೋಡಿನ ಕಣ್ಣಿಗೆ ಏನು ಅಂತಲೂ ನೋಡಿ. ವೆಲ್ಡಿನ ಶುರು ಮತ್ತು ಕೊನೆ ಎರಡೂ ದುರ್ಬಲ ಅಂತ, ಒಟ್ಟು ಉದ್ದದಲ್ಲಿ ಸೈಜಿನ ಎರಡರಷ್ಟನ್ನು ಕಳೆಯಬೇಕು. ಉಳಿದದ್ದು ಸೈಜಿನ ನಾಲ್ಕರಷ್ಟಾದರೂ ಇರಬೇಕು. 3 ಮಿ.ಮೀ. ಸೈಜಿನ, 10 ಮಿ.ಮೀ. ಉದ್ದದ ಟ್ಯಾಕ್ ತಗೊಳ್ಳಿ. 6 ಕಳೆದರೆ ಉಳಿಯುವುದು 4. ಬೇಕಾದ್ದು 12. ಅಲ್ಲಿಗೆ ಅದನ್ನು ವೆಲ್ಡ್ ಅಂತ ಲೆಕ್ಕಕ್ಕೇ ಹಿಡಿಯುವ ಹಾಗಿಲ್ಲ. ಟ್ಯಾಕ್ ಇರುವುದು ಮೂಲೆಮಟ್ಟ ಹಿಡಿದು ನೋಡುವಾಗ ತುಂಡು ಅಲುಗಾಡದೆ ಇರಲಿ ಅಂತ ಅಷ್ಟೇ. ಟ್ಯಾಕಿನ ಮೇಲೆ ಗೇಟು ನಿಲ್ಲಿಸಿ ಹೋಗುವವನು ಕೆಲಸ ಅರ್ಧಕ್ಕೇ ಬಿಟ್ಟು ಹೋದ ಹಾಗೆ.

ಇಷ್ಟು ಹೊರುವ ವೆಲ್ಡು ಕಿತ್ತು ಬರುವುದಾದರೂ ಯಾಕೆ? ಬಹಳ ಸಲ ಅದು ಕಬ್ಬಿಣದೊಳಗೆ ಇಳಿದೇ ಇರುವುದಿಲ್ಲ. ಗೋಡೆಗೆ ತಟ್ಟಿದ ಬೆರಣಿ ಥರ ಮೇಲೆ ಕೂತಿರುತ್ತದೆ.

ನಮ್ಮ ಅಂಗಡಿಗೆ ಹೊಸ ಹುಡುಗ ಬಂದರೆ ಮೊದಲು ಈ ಪರೀಕ್ಷೆ. ಐಟಿಐ ಸರ್ಟಿಫಿಕೇಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. 6 ಮಿ.ಮೀ. ಪಟ್ಟಿಯ ಎರಡು ತುಂಡು ಕೊಡುತ್ತೇನೆ. ಟಿ ಥರ ನಿಲ್ಲಿಸಿ, ಒಂದೇ ಬದಿಗೆ ಫಿಲೆಟ್ ಎಳೆಯಬೇಕು. ಅವನು ಎಳೆಯುತ್ತಾನೆ. ಚಿಪ್ಪಿಂಗ್ ಹ್ಯಾಮರ್‌ನಲ್ಲಿ ಸ್ಲ್ಯಾಗ್ (ವೆಲ್ಡಿನ ಮೇಲೆ ಗಟ್ಟಿಯಾಗುವ ಕಿಟ್ಟ) ಬಿಡಿಸಿ, ಬ್ರಶ್ ಹಾಕಿ, "ಹೆಂಗೈತಣ್ಣಾ?" ಅನ್ನುತ್ತಾನೆ. ನೋಡಲು ಚಂದವೇ ಇರುತ್ತದೆ. ಒಂದೇ ಸಮನಾದ ಬೀಡ್, ಅಂದರೆ ವೆಲ್ಡಿನ ಗೆರೆ. ತಣ್ಣಗಾದ ಮೇಲೆ ವೈಸಿಗೆ ಕಚ್ಚಿಸಿ, ವೆಲ್ಡ್ ಇಲ್ಲದ ಬದಿಯಿಂದ ದೊಡ್ಡ ಸುತ್ತಿಗೆಯಲ್ಲಿ ಹೊಡಿ ಅನ್ನುತ್ತೇನೆ. ನಿಂತ ಪಟ್ಟಿ ವೆಲ್ಡಿನ ಮೇಲೆಯೇ ಮಡಚಿಕೊಳ್ಳಬೇಕು. ಆಗ ರೂಟ್ ಬಾಯಿ ಬಿಡುತ್ತದೆ.

ವೆಲ್ಡ್ ಚೆನ್ನಾಗಿದ್ದರೆ ನಾಲ್ಕು ಏಟಿಗೂ ಜಗ್ಗುವುದಿಲ್ಲ. ಕೊನೆಗೆ ಮುರಿದರೂ ಮುರಿದ ಮೈ ಬುಡದವರೆಗೆ ಒಂದೇ ಬೂದು ಬಣ್ಣ, ಒರಟು ಒರಟು. ಕಳಪೆ ವೆಲ್ಡು ಎರಡೇ ಏಟಿಗೆ ಟಕ್ ಅಂತ ಬಿಡುತ್ತದೆ. ಹತ್ತಿರ ಹಿಡಿದು ನೋಡಿದರೆ ನಿಂತ ಪಟ್ಟಿಯ ಅಂಚಿನಲ್ಲಿ ಕಟಿಂಗ್ ವೀಲ್ ಹೊಡೆದ ಗೆರೆಗಳು ಇನ್ನೂ ಹಾಗೇ ಇರುತ್ತವೆ. ಮೂಲೆ ಕರಗೇ ಇಲ್ಲ. ಗೆರೆಗಳ ಪಕ್ಕದಲ್ಲಿ ಕಪ್ಪು ಗಾಜಿನ ಎಳೆಯ ಹಾಗೆ ಸ್ಲ್ಯಾಗ್ ಉದ್ದಕ್ಕೂ ಸಿಕ್ಕಿಕೊಂಡಿರುತ್ತದೆ. ಮೇಲಿನ ಬೀಡ್ ಮಾತ್ರ ಚಂದವೋ ಚಂದ. ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಬೈಯುವ ಕೆಲಸವೇ ಇರುವುದಿಲ್ಲ. ಆಂಪ್ (ಕರೆಂಟಿನ ಪ್ರಮಾಣ) ಕಡಿಮೆ ಇತ್ತು, ಕಡ್ಡಿಯನ್ನು ಮೂಲೆಗೆ ಹಿಡಿಯದೆ ಒಂದೇ ಪಟ್ಟಿಯ ಕಡೆ ವಾಲಿಸಿದೆ, ಜೋರಾಗಿ ಎಳೆದೆ ಅಂತ ಅವನೇ ಹೇಳುತ್ತಾನೆ. ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ. 10 ಗೇಜಿನ (ಸುಮಾರು 3 ಮಿ.ಮೀ. ದಪ್ಪದ) ಕಡ್ಡಿಗೆ ನೂರು ಆಂಪ್ ಆಸುಪಾಸಾದರೂ ಬೇಕು. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದಾಗ ಹಳೇ ಟ್ರಾನ್ಸ್‌ಫಾರ್ಮರ್ ಮಷೀನ್ ಅಷ್ಟು ಕೊಡುವುದಿಲ್ಲ. ಹಿಡಿಕೆ ಅದೇ ನಂಬರ್ ತೋರಿಸುತ್ತಿರುತ್ತದೆ, ಕಡ್ಡಿ ಅಂಟಿಕೊಳ್ಳುತ್ತಿರುತ್ತದೆ.

ಈ ಒಳಗಿನ ಖಾಯಿಲೆ ಹೊರಗಿನಿಂದ ಪೂರ್ತಿ ಕಾಣುವುದಿಲ್ಲ ಅನ್ನುವುದು ನಿಜ. ಆದರೂ ಸುಳಿವು ಸಿಗುತ್ತದೆ. ವೆಲ್ಡಿನ ಅಂಚು ಕಬ್ಬಿಣಕ್ಕೆ ನಯವಾಗಿ ಕೂಡಿಕೊಂಡಿರಬೇಕು. ಅಂಚು ಉಬ್ಬಿ, ಅಡಿಯಲ್ಲಿ ಉಗುರು ತೂರುವಷ್ಟು ಸಂದಿ ಇದ್ದರೆ ಅದು ಓವರ್‌ಲ್ಯಾಪ್. ಕರಗದೆ ಮೇಲೆ ಮಲಗಿದೆ ಅಂತ ಅರ್ಥ. ಇದಕ್ಕೆ ತದ್ವಿರುದ್ಧ ಅಂಡರ್‌ಕಟ್. ಆಂಪ್ ಜಾಸ್ತಿಯಾಗಿ ಅಂಚಿನ ಕಬ್ಬಿಣವನ್ನೇ ಕಡಿದು ತಿಂದು, ತುಂಬದೆ ಬಿಟ್ಟ ಗೆರೆ. ಬೆರಳು ಆಡಿಸಿದರೆ ಸಿಗುತ್ತದೆ. 2 ಮಿ.ಮೀ. ಗೋಡೆಯ ಪೈಪಿನಲ್ಲಿ ಅರ್ಧ ಮಿ.ಮೀ. ಅಂಡರ್‌ಕಟ್ ಅಂದರೆ ಕಾಲು ಭಾಗ ಕಬ್ಬಿಣ ಹೋದ ಹಾಗೆ. ಅಲುಗಾಡುವ ಸಾಮಾನಿಗೆ ಇದು ಬಲು ಕೆಟ್ಟದ್ದು, ಬಿರುಕು ಶುರುವಾಗಲು ಸಿದ್ಧವಾದ ಗೀರು. ಸೂಜಿ ಚುಚ್ಚಿದಂಥ ತೂತುಗಳು ಪೋರೋಸಿಟಿ. ತುಕ್ಕು, ಎಣ್ಣೆ, ಬಣ್ಣ, ತೇವದ ಮೇಲೆ ವೆಲ್ಡ್ ಮಾಡಿದರೆ ಬರುತ್ತದೆ. ಒಂದೆರಡು ಬಿಡಿ, ಸಾಲಾಗಿದ್ದರೆ ಕಡಿಸಿ ಮತ್ತೆ ಮಾಡಿಸಿ. ಅಕ್ಕಪಕ್ಕ ಸಿಡಿದ ಗುಂಡುಗಳು ಸ್ಪ್ಯಾಟರ್, ನೋಡಲು ಚೆನ್ನಾಗಿರಲ್ಲ ಅನ್ನುವುದು ಬಿಟ್ಟರೆ ದೊಡ್ಡ ದೋಷವಲ್ಲ. ಬಿರುಕು ಮಾತ್ರ ಕೂದಲೆಳೆಯಷ್ಟಿದ್ದರೂ ಒಪ್ಪಬೇಡಿ. ವೆಲ್ಡ್ ನಿಲ್ಲಿಸಿದ ಕೊನೆಯ ಗುಳಿಯನ್ನು ಮೊದಲು ನೋಡಿ. ಅದನ್ನು ತುಂಬದೆ ಕಡ್ಡಿ ಎತ್ತಿದರೆ ಬಿರುಕು ಬಿಡುವುದು ಅಲ್ಲಿಯೇ.

ಜಿಐ ಪೈಪಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಬಗ್ಗೆ ಒಂದು ಮಾತು. ತುಕ್ಕು ಹಿಡಿಯಲ್ಲ ಅಂತ ಈಗ ಎಲ್ಲರೂ ಜಿಐ ಕೇಳುತ್ತಾರೆ. ಅದರ ಮೇಲಿನ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಕಬ್ಬಿಣ ಕರಗಲು 1,500 ಡಿಗ್ರಿ ಹತ್ತಿರ ಬೇಕು. ಹಾಗಾಗಿ ಕಬ್ಬಿಣ ಕರಗುವ ಮೊದಲೇ ಸತು ಬಿಳಿ ಹೊಗೆಯಾಗಿ ಏಳುತ್ತದೆ, ವೆಲ್ಡಿನ ತುಂಬ ತೂತು. ಜಾಯಿಂಟ್ ಹತ್ತಿರದ ಸತು ಗ್ರೈಂಡ್ ಮಾಡಿ ತೆಗೆದು, ಆಮೇಲೆ ವೆಲ್ಡ್ ಮಾಡಿ, ಮತ್ತೆ ಜಿಂಕ್ ಪೇಂಟ್ ಹಚ್ಚಬೇಕು. ಆ ಹೊಗೆ ಕುಡಿದ ಹುಡುಗರಿಗೆ ರಾತ್ರಿ ಚಳಿ ಜ್ವರ ಬರುತ್ತದೆ. ಹಾಲು ಕುಡಿ, ಬೆಲ್ಲ ತಿನ್ನು ಅನ್ನುತ್ತಾರೆ ನಮ್ಮವರು. ಅದರಿಂದ ಏನೂ ಆಗುವುದಿಲ್ಲ. ಬಾಗಿಲು ತೆಗೆದು ಫ್ಯಾನ್ ಇಡಬೇಕು, ಮಾಸ್ಕ್ ಕೊಡಬೇಕು.

ಈಗ ಗಿರಾಕಿಗಳ ಮೇಲಿನ ನನ್ನ ದೂರು. "ಜಾಯಿಂಟ್ ಎಲ್ಲೈತಿ ಅಂತಾನೇ ಗೊತ್ತಾಗಬಾರದು ನೋಡ್ರಿ." ಈ ಮಾತು ಕೇಳಿದರೆ ನನಗೆ ಭಯ ಆಗುತ್ತದೆ. 2 ಮಿ.ಮೀ. ಸ್ಕ್ವೇರ್ ಪೈಪನ್ನು ಮೂಲೆಗೆ 45 ಡಿಗ್ರಿ ಕಡಿದು, ಗ್ಯಾಪ್ ಬಿಡದೆ ಕೂಡಿಸಿ, ಸಣ್ಣ ಕಡ್ಡಿಯಲ್ಲಿ ಒಂದು ಗೆರೆ ಎಳೆದು, ಗ್ರೈಂಡರ್ ಹಿಡಿದು ಸಮಮಟ್ಟ ಮಾಡಿದರೆ ಉಳಿಯುವುದು ಏನು? ಮೇಲೆ ಉಬ್ಬಿದ್ದ ಲೋಹ ಕಿಡಿಯಾಗಿ ಹಾರಿ ಹೋಯಿತು. ಪೈಪಿನ ಗೋಡೆಯೂ ಸ್ವಲ್ಪ ಸವೆಯಿತು. ಒಳಗೆ ಪೆನೆಟ್ರೇಶನ್ ಇಲ್ಲದಿದ್ದರೆ ಇಡೀ ಮೂಲೆಯನ್ನು ಹಿಡಿದಿರುವುದು ಕಾಗದದಷ್ಟು ತೆಳುವಾದ ಒಂದು ಪದರ. ಅದರ ಮೇಲೆ ಪುಟ್ಟಿ, ಪ್ರೈಮರ್, ಎರಡು ಕೋಟು ಬಣ್ಣ. ಕನ್ನಡಿ ಥರ ಕಾಣುತ್ತದೆ. ರಸ್ತೆಗೆ ಕಾಣುವ ಒಂದು ಮುಖ ಬೇಕಾದರೆ ಸಮ ಮಾಡಿಸಿ. ಉಳಿದ ಮೂರು ಮುಖಗಳಲ್ಲಿ ವೆಲ್ಡ್ ಉಬ್ಬಿಕೊಂಡೇ ಇರಲಿ. ಅದು ಗಲೀಜು ಅಲ್ಲ.

ಈ ಕಳಪೆ ಕೆಲಸದಲ್ಲಿ ವೆಲ್ಡರ್ ಕೈಯ ತಪ್ಪು ಕಡಿಮೆ. ನಮ್ಮಲ್ಲಿ ಒಬ್ಬ ಹುಡುಗ ಕುವೈತಿನಲ್ಲಿ ರಿಫೈನರಿ ಪೈಪ್ ವೆಲ್ಡರ್ ಆಗಿದ್ದು ಬಂದವನು. 6ಜಿ ಟೆಸ್ಟ್ ಪಾಸಾದವನು. ಆ ಟೆಸ್ಟಿನಲ್ಲಿ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು ಇಟ್ಟಿರುತ್ತಾರೆ, ತಿರುಗಿಸುವ ಹಾಗಿಲ್ಲ. ವೆಲ್ಡರೇ ಸುತ್ತ ಬಗ್ಗಿ, ತಲೆ ಕೆಳಗೆ ಮಾಡಿ ಮುಗಿಸಬೇಕು. ರಿಫೈನರಿಯಲ್ಲಿ ಪ್ರತಿ ಜಾಯಿಂಟಿಗೂ ನಂಬರ್, ಪಕ್ಕದಲ್ಲಿ ಇವನ ಸ್ಟಾಂಪ್. ಎಕ್ಸ್‌ರೇಯಲ್ಲಿ ದೋಷ ಕಂಡರೆ ಯಾರು ಮಾಡಿದ್ದು ಅಂತ ಕೇಳಬೇಕಾಗಿಲ್ಲ. 7018 ಅನ್ನುವ ಜಾತಿಯ ವೆಲ್ಡಿಂಗ್ ಕಡ್ಡಿಯನ್ನು 300 ಡಿಗ್ರಿಗೂ ಮೇಲೆ ಓವನ್‌ನಲ್ಲಿ ಒಣಗಿಸಿ, ಬಿಸಿ ಡಬ್ಬಿಯಲ್ಲೇ ಕೈಗೆ ಕೊಡುತ್ತಿದ್ದರಂತೆ. ಕಡ್ಡಿಯ ಕೋಟಿಂಗ್ ತೇವ ಹಿಡಿದರೆ ಅದರಿಂದ ಹೈಡ್ರೋಜನ್ ವೆಲ್ಡಿನೊಳಗೆ ಸೇರುತ್ತದೆ. ದಪ್ಪ, ಗಡುಸು ಉಕ್ಕಿನಲ್ಲಿ ಒಂದೆರಡು ದಿನ ಕಳೆದ ಮೇಲೆ ಬಿರುಕು ಬಿಡುತ್ತದೆ. ಇಲ್ಲಿ ಅದೇ 7018ನ್ನು ಬಿಸಿಲಿಗೆ ಹರವಿ ಒಣಗಿತು ಅನ್ನುವವರಿದ್ದಾರೆ. ಮನೆ ಗೇಟಿಗೆ 6013 ಅನ್ನುವ ಮಾಮೂಲಿ ಕಡ್ಡಿ ಸಾಕು, ಅದಕ್ಕೆ ಇಷ್ಟೆಲ್ಲ ಉಪಚಾರ ಬೇಡ. ಆದರೆ ಟ್ರಾಲಿ ಚಾಸಿ, ಕ್ರೇನ್ ಕೆಲಸಕ್ಕೆ ಬೇಕು.

ಅದೇ ಹುಡುಗ ಊರಿಗೆ ಬಂದು ಬೇರೊಂದು ಅಂಗಡಿಯಲ್ಲಿ ಗ್ರಿಲ್ ಮಾಡುವಾಗ "ಇಷ್ಟೊಂದು ಯಾಕೆ ಎಳೀತಿ, ಕಡ್ಡಿ ದುಡ್ಡು ನಿಮ್ಮಪ್ಪ ಕೊಡ್ತಾನಾ?" ಅಂತ ಬೈಸಿಕೊಂಡಿದ್ದನಂತೆ. ನಮ್ಮ ಕೈಗಳಿಗೆ ಬರದೆ ಇರುವುದು ಏನೂ ಇಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋದಾಗ ಹೊಸಪೇಟೆ ಕಡೆಯ ವರ್ಕ್‌ಶಾಪುಗಳಲ್ಲಿ ಸ್ಟಾಪ್‌ಲಾಗ್ (ಗೇಟಿನ ಬದಲು ನೀರು ತಡೆಯಲು ಇಳಿಸುವ ಉಕ್ಕಿನ ತಡೆ) ತುಂಡುಗಳನ್ನು ಮಾಡಿಸಿ, ಒಂದು ವಾರದಲ್ಲಿ ಹರಿಯುವ ನೀರಿಗೇ ಇಳಿಸಲಿಲ್ಲವೇ? ಅಲ್ಲಿ ಕೆಜಿಗೆ ಎಷ್ಟು ಅಂತ ಚೌಕಾಸಿ ಮಾಡಿಕೊಂಡು ಕೂತಿರಲಿಕ್ಕಿಲ್ಲ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಎಸ್ಟಿಮೇಟ್ ಚೀಟಿಯಲ್ಲಿ ಕೆಜಿ ರೇಟಿನ ಕೆಳಗೆ ಇನ್ನೆರಡು ಸಾಲು ಬರೆಸಿಕೊಳ್ಳಿ. ಜಾಯಿಂಟುಗಳಿಗೆ ಸುತ್ತಲೂ ವೆಲ್ಡ್, ಹಿಂಜ್ ಮತ್ತು ಸ್ಟಾಪರಿಗೆ ಇಷ್ಟು ಸೈಜು ಅಂತ ಒಂದು. ಪ್ರೈಮರ್ ಹಚ್ಚುವ ಮೊದಲು ಗಿರಾಕಿಗೆ ತೋರಿಸಬೇಕು ಅಂತ ಇನ್ನೊಂದು. ಅದಕ್ಕೆ ಅಂಗಡಿಯವನು ಸ್ವಲ್ಪ ಜಾಸ್ತಿ ಕೇಳಿದರೆ ಕೊಡಿ, ಅದು ನ್ಯಾಯವಾದ ದುಡ್ಡು. ಹೋಗಲು ಆಗದಿದ್ದರೆ ಹಿಂಜ್, ಮೂಲೆ, ಸ್ಟಾಪರ್ ಹತ್ತಿರದಿಂದ ಫೋಟೋ ತೆಗೆದು ವಾಟ್ಸಾಪ್ ಮಾಡಲು ಹೇಳಿ. ಸ್ಲ್ಯಾಗ್ ಬಿಡಿಸಿರಬೇಕು, ಪಕ್ಕದಲ್ಲಿ ಸ್ಕೇಲ್ ಇಟ್ಟಿರಬೇಕು. ಗಿರಾಕಿ ನೋಡುತ್ತಾನೆ ಅಂತ ಗೊತ್ತಾದರೆ ಸಾಕು, ಅರ್ಧ ಕೆಲಸ ತಾನಾಗಿ ಸುಧಾರಿಸುತ್ತದೆ. ಸಾವಿರ ಲೀಟರ್ ಟ್ಯಾಂಕ್ ಅಂದರೆ ನೀರೇ ಒಂದು ಟನ್. ಅದನ್ನು ತಲೆಯ ಮೇಲೆ ಕೂರಿಸುವ ಸ್ಟ್ಯಾಂಡಿನ ವೆಲ್ಡ್ ನೋಡಲು ಒಂದು ಸಲ ಬೈಕ್ ಹತ್ತಿ ಬರುವುದು ಕಷ್ಟವೇ?

ಪಂಚಾಯಿತಿ, ಪುರಸಭೆಗಳ ಬಗ್ಗೆಯೂ ಒಂದು ಮಾತು. ಶಾಲೆಯ ಗೇಟು, ಪಾರ್ಕಿನ ಉಯ್ಯಾಲೆಗೆ ಬಣ್ಣಕ್ಕೆ ಮೊದಲಿನ ಫೋಟೋ ಇಲ್ಲದೆ ಬಿಲ್ ಪಾಸು ಮಾಡಬಾರದು. ಜಾತ್ರೆಗೆ ಬರುವ ದೊಡ್ಡ ತೊಟ್ಟಿಲುಗಳಿಗೆ ಪರ್ಮಿಷನ್ ಕೊಡುವಾಗ ಡೈ ಪೆನೆಟ್ರಂಟ್ ಟೆಸ್ಟ್ ಕೇಳಬೇಕು. ಊರಿಂದ ಊರಿಗೆ ಬಿಚ್ಚಿ ಕಟ್ಟಿ, ದಿನವಿಡೀ ತಿರುಗುವ ಸಾಮಾನು ಅದು, ವೆಲ್ಡ್ ದಣಿಯುವುದು ಅಂಥಲ್ಲಿಯೇ. ಟೆಸ್ಟಿಗೆ ಬೇಕಾದ್ದು ಮೂರು ಸ್ಪ್ರೇ ಡಬ್ಬಿ. ಬಣ್ಣ ಕೆರೆದು, ಕ್ಲೀನರ್ ಹಾಕಿ ಒರೆಸಿ, ಕೆಂಪು ದ್ರವ ಹೊಡೆದು ಹತ್ತು ನಿಮಿಷ ಬಿಡಬೇಕು. ಆಮೇಲೆ ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಒರೆಸಬೇಕು. ನೇರ ವೆಲ್ಡಿನ ಮೇಲೆ ಹೊಡೆದರೆ ಬಿರುಕಿನೊಳಗಿನ ಕೆಂಪೂ ತೊಳೆದು ಹೋಗುತ್ತದೆ. ಕೊನೆಗೆ ಬಿಳಿ ಡೆವಲಪರ್. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ತಾನೇ ಮೂಡುತ್ತದೆ. ನೋಡಲು ಡಿಗ್ರಿ ಬೇಕಾಗಿಲ್ಲ.

ಕೊನೆಗೆ, ಆ ಗೇಟಿನ ಪತ್ರ ಬರೆದವರಿಗೆ. ಕಿತ್ತು ಬಂದಿದ್ದು ಮೇಲಿನ ಹಿಂಜೇ ಇರಬೇಕು. ತೂಗುವ ಗೇಟು ಮೇಲಿನದನ್ನು ಹೊರಗೆ ಎಳೆಯುತ್ತದೆ, ಕೆಳಗಿನದನ್ನು ಒಳಗೆ ಒತ್ತುತ್ತದೆ. ರಿಪೇರಿಗೆ ಬಂದವನು ಮುರಿದ ಜಾಗದ ಮೇಲೆಯೇ ಇನ್ನೊಂದು ಲೇಯರ್ ಎಳೆಯಲು ಹೊರಟರೆ ಬೇಡ ಅನ್ನಿ. ಹಳೇ ವೆಲ್ಡನ್ನು ಬಿರುಕಿನ ಬುಡ ಸಿಗುವವರೆಗೆ ಕಡಿದು ತೆಗೆಯಲಿ, ಸುತ್ತ ಒಂದು ಇಂಚಿನಷ್ಟಾದರೂ ಬಣ್ಣ ಕೆರೆಯಲಿ. ತೆಳು ಪೈಪಿಗೆ ನೇರ ಹಿಂಜ್ ಹಚ್ಚುವ ಬದಲು ನಡುವೆ 6 ಮಿ.ಮೀ. ಪ್ಲೇಟ್ ಕೊಟ್ಟು ನಾಲ್ಕೂ ಕಡೆ ವೆಲ್ಡ್ ಎಳೆಯಲಿ. ಕೆಳಗಿನ ಹಿಂಜಿನ ಹತ್ತಿರವೂ ಸ್ವಲ್ಪ ಬಣ್ಣ ಕೆರೆದು ನೋಡಿಸಿ. ಮೇಲಿನದು ಬಿಟ್ಟ ಮೇಲೆ ಇಷ್ಟು ದಿನ ಅದರ ಮೇಲೂ ಭಾರ ಬಿದ್ದಿರುತ್ತದೆ.

ಇತಿ ನಮಸ್ಕಾರಗಳೊಂದಿಗೆ,
ಒಬ್ಬ ಫ್ಯಾಬ್ರಿಕೇಶನ್ ಅಂಗಡಿಯವ
ಹರಿಹರ